ಹಲ್ಲಿನಕ್ಕ ಗುರಾಣಿ ಎತ್ತಿದ್ದು

ಗಂಡ ತೀರಿಕೊಂಡ ಮೇಲೆ ಅವಳು ಅವನ ಕಂಪ್ಯೂಟರಿನ ಮುಂದೆ ಕೂತದ್ದು ಆಡುವುದಕ್ಕಲ್ಲ, ಸಾವಿನ ಸುದ್ದಿ ಹೇಳುವುದಕ್ಕೆ. ನೆಂಟರಿಷ್ಟರಿಗೆಲ್ಲ ಹೇಳಿಯಾಗಿತ್ತು. ಅವನು ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದ ಮುದ್ರಣಾಲಯಕ್ಕೂ ಹೇಳಿಯಾಗಿತ್ತು. ಉಳಿದವರು ನಾಲ್ಕು ಜನ. ಅವರ ಮುಖವನ್ನು ಅವಳಿರಲಿ, ಅವನೂ ಕಂಡವನಲ್ಲ. ಸಂಜೆ ಕೆಲಸದಿಂದ ಬಂದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ಹಿಂದಕ್ಕೆ ಬಾರೋ, ಹಿಂದಕ್ಕೆ ಬಾ" ಎಂದು ಅವನು ಕೂಗಾಡುತ್ತಿದ್ದುದು ಆ ನಾಲ್ವರ ಮೇಲೆ. ಶ್ವಾಸಕೋಶದ ಕಾಯಿಲೆ ಅವನನ್ನು ಮಂಚಕ್ಕೆ ಕೆಡವುವ ತನಕವೂ ಆ ಕೂಗು ನಿಂತಿರಲಿಲ್ಲ.

ಅವಳು ಹೆಡ್‌ಫೋನ್ ಹಾಕಿಕೊಂಡು ಆಟ ತೆರೆದದ್ದೇ ತಡ, ಯಾರೋ ಆಟಕ್ಕೆ ಕರೆದದ್ದು ಪರದೆಯ ಮೇಲೆ ಮೂಡಿತು. ಏನು ಎತ್ತ ತಿಳಿಯದೆ ಹೂಂ ಎನ್ನುವ ಗುಂಡಿ ಒತ್ತಿದಳು. ಆಟ ಶುರುವಾಗಿಯೇ ಬಿಟ್ಟಿತು.

"ಅಣ್ಣಾ! ಎಲ್ಲಿ ಮಾಯವಾಗಿದ್ರಿ ಇಷ್ಟು ದಿನ?" ಎಂದಿತು ಒಂದು ಗಂಡುದನಿ.

"ನಾನು ಅವರ ಹೆಂಡತಿ," ಎಂದಳು. "ಅವರು ಹೋಗಿಬಿಟ್ರು. ನಿಮಗೆ ಹೇಳೋಣ ಅಂತ ಬಂದೆ."

ಪರದೆಯ ಮೇಲೆ ಓಡುತ್ತಿದ್ದ ನಾಲ್ಕು ಗೊಂಬೆಗಳು ಇದ್ದಲ್ಲೇ ನಿಂತವು. ಆಮೇಲೆ ಒಂದೊಂದಾಗಿ ಹಿಂದಿರುಗಿ ಬಂದು ಅವಳ ಗೊಂಬೆಯ ಸುತ್ತ ನಿಂತುಕೊಂಡವು. ಎದುರು ಪಕ್ಷದವರು ನುಗ್ಗಿದರು, ಗೋಡೆ ಒಡೆದರು, ಕೋಟೆ ಕೆಡವಿದರು. ನಾಲ್ವರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಎಲ್ಲ ಮುಗಿದು ಪರದೆ ಕಪ್ಪಾದ ಮೇಲೆ ಅದೇ ಗಂಡುದನಿ ಮೆಲ್ಲಗೆ ಕೇಳಿತು:

"ಅಕ್ಕಾ, ಊಟ ಆಯ್ತಾ?"

ಅಲ್ಲಿಯವರೆಗೆ ಕಲ್ಲಿನಂತೆ ಓಡಾಡಿಕೊಂಡಿದ್ದವಳು ಅಂದು ಅತ್ತಳು.

ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರ ಅಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆ. ಕಿಟಕಿಗೆ ಎದುರಾಗಿ ಬೆಂಚು. ಬೆಂಚಿನ ತುಂಬ ಪ್ಲಾಸ್ಟರಿನ ದವಡೆಗಳು. ಮೇಣದಲ್ಲಿ ಒಸಡು ಕಟ್ಟಿ, ಅದರ ಮೇಲೆ ಹಲ್ಲು ಒಂದೊಂದನ್ನೇ ನಿಲ್ಲಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಕಚ್ಚುತ್ತದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವುದು. ಸಂಜೆ ಮನೆಗೆ ಬಂದರೆ ಕೂದಲ ತುಂಬ ಬಿಳಿ ಪುಡಿ. "ಹೋಗುವಾಗ ಸೊಸೆ, ಬರುವಾಗ ಅಜ್ಜಿ," ಎಂದು ಅತ್ತೆ ನಗೆಯಾಡುವುದಿತ್ತು. ಮನೆಯಲ್ಲಿ ಈಗ ಉಳಿದವರು ಅವರಿಬ್ಬರೇ. ಮಗನನ್ನು ಕಳೆದುಕೊಂಡ ತಾಯಿ, ಗಂಡನನ್ನು ಕಳೆದುಕೊಂಡ ಹೆಂಡತಿ. ಯಾರು ಯಾರಿಗೆ ಸಮಾಧಾನ ಹೇಳಬೇಕು? ಇಬ್ಬರೂ ಅದರ ಗೊಡವೆಗೆ ಹೋಗದೆ, ಗ್ಯಾಸ್ ಮುಗಿಯಿತು, ನಲ್ಲಿ ಸೋರುತ್ತಿದೆ ಎಂಬಂಥ ಮಾತಿನಲ್ಲೇ ದಿನ ದೂಡುತ್ತಿದ್ದರು.

ಕೆಲವು ದಿನ ಬಿಟ್ಟು ಅವಳು ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು.

"ಅವತ್ತು ಸುಮ್ನೆ ನಿಂತುಬಿಟ್ರಲ್ಲ, ಸೋತ್ರಲ್ಲ. ಪರವಾಗಿಲ್ವಾ ನಿಮಗೆ?"

"ಸೋಲೋದು ನಮಗೇನು ಹೊಸದಾ ಅಕ್ಕಾ?" ಎಂದ, ಊಟ ಆಯ್ತಾ ಎಂದು ಕೇಳಿದ್ದವನು. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು, ಹೆಚ್ಚುಕಡಿಮೆ ಅವಳದೇ ಪ್ರಾಯ. ಬೇಕರಿಯವನು ಎಂದೇ ಎಲ್ಲರೂ ಕರೆಯುತ್ತಿದ್ದರು. "ನಮ್ಮ ಕಡೆಯವರು ಅಂದ್ರೆ ಈ ಆಟದಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಪರದೇಶದಲ್ಲಿ ನಡೆಯೋ ದೊಡ್ಡ ಪಂದ್ಯದಲ್ಲಿ ನಮ್ಮ ದೇಶಕ್ಕೆ ವರ್ಷಕ್ಕೊಂದು ಜಾಗ ಕೊಡ್ತಾರೆ. ಇಲ್ಲಿ ಗೆದ್ದ ಯಾವುದೋ ತಂಡ ಹೋಗುತ್ತೆ, ಮೊದಲ ಸುತ್ತಲ್ಲೇ ಏಟು ತಿಂದು ಬರುತ್ತೆ. ಹಾಜರಿ ಹಾಕೋಕೆ ಬಂದೋರು ಅಂತಾನೇ ನಮಗೆ ಹೆಸರು."

"ನಮ್ಮ ಮನೆಯವರು ಏನು ಆಡ್ತಿದ್ರು?"

"ಗುರಾಣಿ. ಎದುರಿನವರ ಏಟು ನಮ್ಮ ಮೇಲೆ ಬೀಳದ ಹಾಗೆ ತಡೆಯೋದು. ಯಾರಿಗೂ ಬೇಡದ ಕೆಲಸ ಅಕ್ಕಾ. ಹೊಡೆದವನಿಗೆ ಚಪ್ಪಾಳೆ, ತಡೆದವನನ್ನ ಯಾರು ನೋಡ್ತಾರೆ?"

"ನನಗೆ ಕಲಿಸಿಕೊಡ್ತೀರಾ?" ಎಂದಳು ಅವಳು.

ಕಲಿಯುವುದು ಬಾಯಿಮಾತಾಗಿರಲಿಲ್ಲ. ಆಟ ನಡೆಯುವ ದೊಡ್ಡ ಯಂತ್ರಗಳೆಲ್ಲ ಸಮುದ್ರದಾಚೆ ಇದ್ದವು. ಇಲ್ಲಿ ಗುಂಡಿ ಒತ್ತಿದರೆ ಅದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಚಿಟಿಕೆ ಹೊಡೆಯುವಷ್ಟು ಹೊತ್ತು ಕಳೆದಿರುತ್ತಿತ್ತು. ಈ ಆಟದಲ್ಲಿ ಒಂದು ಚಿಟಿಕೆ ಎಂದರೆ ಸಾವು ಬದುಕಿನ ಅಂತರ. ಏಟು ಬೀಳುವುದನ್ನು ಕಂಡು ಗುರಾಣಿ ಎತ್ತಿದರೆ ಕೆಟ್ಟಿತು. ಏಟು ಬರಲಿದೆ ಎಂದು ಎದುರಿನವನ ನಿಲುವಿನಲ್ಲೇ ಓದಿಕೊಂಡು, ಅವನು ಕೈ ಎತ್ತುವ ಮೊದಲೇ ತಾನು ಎತ್ತಬೇಕು. ಮೊದಮೊದಲು ಅವಳಿಂದಾಗಿ ತಂಡದವರು ತರಗೆಲೆಯಂತೆ ಉದುರಿದರು. ಒಬ್ಬರೂ ಗೊಣಗಲಿಲ್ಲ. ತಪ್ಪಿದ್ದು ಎಲ್ಲಿ ಎಂದು ಬೇಕರಿಯವನು ಹೇಳುತ್ತಿದ್ದ. ಅವಳು ಮತ್ತೆ ಕೂರುತ್ತಿದ್ದಳು. ಅವಳ ಕಸುಬು ತಿಳಿದ ಮೇಲೆ ಅವಳಿಗೆ ಹಲ್ಲಿನಕ್ಕ ಎಂಬ ಹೆಸರು ಬಿತ್ತು.

ವರ್ಷ ಕಳೆದು ಇನ್ನೊಂದು ವರ್ಷ ಬರುವ ಹೊತ್ತಿಗೆ ಅವಳ ಬೆರಳಿಗೆ ಕಣ್ಣು ಬಂದಿತ್ತು. ತಂಡದ ಮುಂದಾಳತ್ವವೂ ತಾನಾಗಿಯೇ ಅವಳ ಹೆಗಲಿಗೆ ಬಂತು. ಒಂದು ಸಂಜೆ ಆಟದ ಕಾವಿನಲ್ಲಿ ಅವಳು, "ಹಿಂದಕ್ಕೆ ಬಾರೋ, ಹಿಂದಕ್ಕೆ ಬಾ!" ಎಂದು ಕೂಗಿದಳು. ಕೂಗಿ, ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಕೈಯಲ್ಲಿ ಒರೆಸುವ ಬಟ್ಟೆ, ಕಣ್ಣು ಎಲ್ಲಿಯೋ. ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

"ಅತ್ತೆ, ನಿಮಗೆ ಬೇಜಾರಾದ್ರೆ ಬಿಟ್ಟುಬಿಡ್ತೀನಿ."

"ಬಿಡಬೇಡ," ಎಂದಳು ಮುದುಕಿ. "ಈ ಕೂಗಿಗೆ ಹಿಂದೆಲ್ಲ ಬೈತಿದ್ದೆ. ಈಗ ಕೇಳಿದ್ರೆ ಮನೇಲಿ ಜನ ಇದ್ದ ಹಾಗಿದೆ."

ಆ ವರ್ಷ ತಮ್ಮ ದೇಶದ ಪಂದ್ಯಗಳನ್ನೆಲ್ಲ ಗೆದ್ದು, ದೊಡ್ಡ ಪಂದ್ಯದ ಆ ಒಂದು ಜಾಗ ಅವಳ ತಂಡಕ್ಕೆ ಸಿಕ್ಕಿತು. ಅದರ ಬೆನ್ನಿಗೇ ಇನ್ನೊಂದು ಸುದ್ದಿಯೂ ಬಂತು. ನೋಡುವವರು ಕಡಿಮೆ, ಆಟದಲ್ಲಿ ಕಸುವಿಲ್ಲ ಎಂಬ ಕಾರಣ ಹೇಳಿ, ಮುಂದಿನ ವರ್ಷದಿಂದ ಆ ಜಾಗವನ್ನೇ ತೆಗೆದುಹಾಕುವುದಾಗಿ ಪಂದ್ಯ ನಡೆಸುವವರು ಸಾರಿದ್ದರು. ಅಂದರೆ ಇದೇ ಕಡೆಯದು. ರಜೆ ಕೇಳಲು ಹೋದರೆ ಅವಳ ಮಾಲೀಕ ಮುಖ ಸಿಂಡರಿಸಿ, "ಅಲ್ಲಮ್ಮಾ, ಹಲ್ಲಿಲ್ಲದೋರು ಬಾಯಿ ತೆರೆದುಕೊಂಡು ಕಾಯ್ತಿದ್ದಾರಲ್ಲ!" ಎಂದ. ಆಮೇಲೆ ಅವನೇ, "ಹೋಗಿ ಬಾ. ಗೆದ್ದು ಬಾ ಅನ್ನಲ್ಲ, ಮರ್ಯಾದೆಯಿಂದ ಬಾ," ಎಂದು ಕಳಿಸಿದ. ಅತ್ತೆ ಮಾತ್ರ, "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಸಿಕ್ಕಾಗ ಹಲ್ಲಿರಲಿಲ್ಲ. ನನ್ನ ಮಗನಿಗೆ ಹಾಗಾಯ್ತು," ಎಂದು ಒಳಗೆ ಹೋಗಿಬಿಟ್ಟಳು.

ವಿಮಾನ ನಿಲ್ದಾಣದಲ್ಲಿ ಐವರೂ ಮೊದಲ ಸಲ ಮುಖ ಮುಖ ನೋಡಿಕೊಂಡರು. ದನಿಗೂ ಮುಖಕ್ಕೂ ತಾಳೆಯಾಗದೆ ಸ್ವಲ್ಪ ಹೊತ್ತು ಎಲ್ಲರಿಗೂ ನಾಚಿಕೆ. ಬೇಕರಿಯವನು ಆರಡಿಯ ಆಳು ಇರಬಹುದೆಂದು ಅವಳು ಎಣಿಸಿದ್ದಳು. ಅವನು ಅವಳ ಭುಜದಷ್ಟಿದ್ದ.

ಪಂದ್ಯದ ಸಭಾಂಗಣ ಕಿಕ್ಕಿರಿದಿತ್ತು. ಎದುರಾಳಿಗಳು ಹಿಂದಿನ ವರ್ಷ ಗೆದ್ದವರು. ಮೂರು ಆಟಗಳಲ್ಲಿ ಎರಡು ಗೆದ್ದವರು ಮುಂದಕ್ಕೆ. ಎರಡೂ ತಂಡಗಳ ಕಂಪ್ಯೂಟರು ಒಂದೇ ವೇದಿಕೆಯ ಮೇಲೆ, ಆಟದ ಯಂತ್ರ ವೇದಿಕೆಯ ಹಿಂದೆಯೇ. ಸಮುದ್ರವಿಲ್ಲ, ತಡವಿಲ್ಲ. ಇನ್ನೇನು ಬೇಕು ಎಂದುಕೊಂಡೇ ಅವರು ಕೂತರು.

ಮೊದಲ ಆಟ ನಗೆಪಾಟಲಾಯಿತು. ಅವಳು ಎತ್ತಿದ ಗುರಾಣಿಯೆಲ್ಲ ವ್ಯರ್ಥ. ಅವಳು ಎತ್ತುತ್ತಿದ್ದಳು, ಇಳಿಸುತ್ತಿದ್ದಳು, ಆಮೇಲೆ ಏಟು ಬೀಳುತ್ತಿತ್ತು. ಬೇಕರಿಯವನು ಬೀಸಿದ ಕತ್ತಿ ಖಾಲಿ ಗಾಳಿಯನ್ನು ಕತ್ತರಿಸುತ್ತಿತ್ತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೋಟೆ ಬಿತ್ತು. ಎದುರಿನವರಲ್ಲಿ ಎಳೆಪ್ರಾಯದ ಬಾಣದವನೊಬ್ಬನಿದ್ದ. ಸತ್ತು ಬಿದ್ದ ಅವಳ ಗೊಂಬೆಯ ಮೇಲೆ ಅವನು ತನ್ನ ಗೊಂಬೆಯನ್ನು ಹತ್ತಿಸಿ, ಕೂರಿಸಿ ಏಳಿಸಿ ಕುಣಿಸಿದ. ಸಭಾಂಗಣ ಘೊಳ್ಳೆಂದು ನಕ್ಕಿತು. ಅವಳ ಕಿವಿ ಕಾದವು. ಆ ಗೊಂಬೆ ಅವಳದಾಗುವ ಮೊದಲು ಗಂಡನದು.

ಬಿಡುವು ಬಂತು. ಬೇಕರಿಯವನು ತಲೆ ತಗ್ಗಿಸಿ ಕೂತಿದ್ದ.

"ನಮಗೆ ಆಟ ಬರಲ್ಲ ಅಂತಲ್ಲ," ಎಂದಳು ಅವಳು. "ನಾವು ಬೇಗ ಆಡ್ತಿದ್ದೀವಿ. ಇಷ್ಟು ವರ್ಷ ತಡ ಆಗುತ್ತೆ ಅಂತ ಮುಂಚೆ ಮುಂಚೇನೇ ಒತ್ತಿ ಕೈ ಪಳಗಿದೆ. ಇಲ್ಲಿ ತಡಾನೇ ಇಲ್ಲ. ಏಟು ಕಾಣೋವರೆಗೂ ಕಾಯಿರಿ."

"ಕಾಯೋದು ಹೇಗಕ್ಕಾ? ಕೈ ಕೇಳಬೇಕಲ್ಲ!"

"ಕೇಳಲ್ಲ. ಬೈದಾದ್ರೂ ಕೇಳೋ ಹಾಗೆ ಮಾಡಬೇಕು. ನಾನು ಹೂಂ ಅನ್ನೋವರೆಗೂ ಯಾರೂ ಕೈ ಎತ್ತಬೇಡಿ."

ಎರಡನೆಯ ಆಟದಲ್ಲಿ ಅವಳು ಹೂಂ, ಹೂಂ ಎಂದೇ ಆಡಿದಳು. ಮೊದಲ ಘರ್ಷಣೆಯಲ್ಲಿ ಇಬ್ಬರನ್ನು ಕಳೆದುಕೊಂಡರು. ಎರಡನೆಯದರಲ್ಲಿ ಒಬ್ಬನನ್ನು. ಆಮೇಲೆ ಕೈ ಹಿಡಿತಕ್ಕೆ ಬಂತು. ಎದುರಿನವರ ನಿಲುವು ನೋಡಿಯೇ ಏಟನ್ನು ಓದುವ ಅಭ್ಯಾಸ ಇದ್ದವರಿಗೆ, ಈಗ ಓದಿದ ಮೇಲೂ ಒಂದು ಚಿಟಿಕೆ ಸಮಯ ಉಳಿಯುತ್ತಿತ್ತು. ಜನ್ಮದಲ್ಲಿ ಕಂಡಿರದ ಸಂಪತ್ತು ಅದು. ಬಾಣದವನ ಬಾಣ ಒಂದಾದ ಮೇಲೊಂದು ಅವಳ ಗುರಾಣಿಗೆ ಬಡಿದು ಬಿದ್ದವು. ಅವಳ ಮರೆಯಿಂದ ಬೇಕರಿಯವನು ಹೊರಬಿದ್ದು ಎದುರಿನವರ ಗೋಡೆ ಒಡೆದ. ನಗುತ್ತಿದ್ದ ಸಭಾಂಗಣ ಮೆಲ್ಲಮೆಲ್ಲನೆ ತಣ್ಣಗಾಯಿತು. ಆ ಆಟ ಇವರದಾಯಿತು. ಇವರ ದೇಶದವರು ಈ ವೇದಿಕೆಯಲ್ಲಿ ಗೆದ್ದ ಮೊಟ್ಟಮೊದಲ ಆಟ ಅದು.

ಮೂರನೆಯದನ್ನು ಸೋತರು. ಸುಮ್ಮನೆ ಸೋಲಲಿಲ್ಲ. ಎರಡೂ ಕೋಟೆಗಳು ಒಂದೊಂದು ಏಟಿಗೆ ಬೀಳುವಂತೆ ನಿಂತಿದ್ದವು. ಅವಳ ಗುರಾಣಿಯ ಶಕ್ತಿ ಮುಗಿದಿತ್ತು. ಗುರಾಣಿ ಇಲ್ಲದೆಯೇ ಅವಳು ಬಾಣಕ್ಕೆ ಅಡ್ಡ ನಿಂತಳು. ಅದು ಅವಳನ್ನು ಕೊಂದಿತು, ಮುಂದಿನದು ಕೋಟೆಯನ್ನು.

ಅವಳು ಹೆಡ್‌ಫೋನ್ ತೆಗೆದಾಗ ಇಷ್ಟು ಹೊತ್ತೂ ಕೇಳದಿದ್ದ ಸದ್ದು ಒಮ್ಮೆಲೇ ಮೈಮೇಲೆ ಬಂತು. ಜನ ಎದ್ದು ನಿಂತಿದ್ದರು. ಎದುರು ತಂಡದ ನಾಯಕ ತನ್ನವರ ಸಂಭ್ರಮ ಬಿಟ್ಟು ವೇದಿಕೆ ದಾಟಿ ಬಂದ. ಬಾಣದವನ ರಟ್ಟೆ ಹಿಡಿದುಕೊಂಡೇ ಬಂದ. ಇಬ್ಬರಿಗೂ ಅರೆಬರೆ ಬರುವ ಭಾಷೆಯಲ್ಲಿ, "ಇವನು ಕುಣಿದದ್ದಕ್ಕೆ ಕ್ಷಮಿಸಿ," ಎಂದ. ಬಾಣದವನ ಮುಖ ಕೆಂಪಾಗಿತ್ತು. ಅವಳು ಅವನ ಕೈ ಕುಲುಕಿದಳು. "ಚೆನ್ನಾಗಿ ಹೊಡೀತೀಯ," ಎಂದಷ್ಟೇ ಹೇಳಿದಳು.

"ಮೊದಲ ಆಟದಲ್ಲಿ ನಿಮಗೇನಾಗಿತ್ತು?" ಎಂದ ನಾಯಕ.

ಅವಳು ತಡದ ಸಂಗತಿ ಹೇಳಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಆ ನಾಯಕ ಪತ್ರಿಕೆಯವರ ಮುಂದೆ ಮಾತಾಡಿದ. ಆ ಜಾಗ ತೆಗೆಯುವುದು ಅನ್ಯಾಯ, ಅವರು ಬೆನ್ನಿಗೆ ಕಲ್ಲು ಕಟ್ಟಿಕೊಂಡು ನಮ್ಮ ಜೊತೆ ಓಡುತ್ತಿದ್ದರು, ನಾವು ಅದನ್ನು ನೋಡಿ ನಗುತ್ತಿದ್ದೆವು ಎಂದ. ಮಾತು ಎಲ್ಲೆಡೆ ಹರಡಿತು, ಜಾಗ ಉಳಿಯಲಿಲ್ಲ. ಪಂದ್ಯ ನಡೆಸುವವರು ಅವಳ ತಂಡಕ್ಕೊಂದು ಹೂಗುಚ್ಛ ಕೊಟ್ಟು ಕಳಿಸಿದರು.

ಊರಿಗೆ ಬಂದು ತಿಂಗಳಾಗಿರಲಿಲ್ಲ, ಆ ನಾಯಕನಿಂದ ಕರೆ ಬಂತು: ವಾರಕ್ಕೊಮ್ಮೆ ಜೊತೆಯಲ್ಲಿ ಅಭ್ಯಾಸ ಮಾಡೋಣವೇ? ಅವಳು ಒಪ್ಪಿದಳು. ಮೊದಲ ದಿನ ಅವನು ತನ್ನ ಐವರ ಕಂಪ್ಯೂಟರುಗಳನ್ನೂ ಬೇಕೆಂದೇ ನಿಧಾನ ಮಾಡಿಸಿ, ಇವರಷ್ಟೇ ತಡ ಇಟ್ಟುಕೊಂಡು ಆಡಿದ. ಹಿಂದಿನ ವರ್ಷದ ವಿಜೇತರು ಅಂದು ಮೂರಕ್ಕೆ ಮೂರೂ ಸೋತರು. ಆಟ ಮುಗಿದ ಮೇಲೆ ಬಾಣದವನು ಬರೆದ: "ಇಷ್ಟು ವರ್ಷ ಹೀಗೇ ಆಡ್ತಿದ್ರಾ?" ಅವಳು "ಹೌದು" ಎಂದು ಬರೆದಳು. ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು ಕಾದವನು ಅವನೇ.

ಜಾಗವೇ ಇಲ್ಲವಾದ ಮೇಲೆ ತಂಡ ಎಷ್ಟು ದಿನ ಉಳಿದೀತು? ಒಬ್ಬ ಕೆಲಸದ ಪಾಳಿ ಬದಲಾಗಿ ಬಿಟ್ಟ. ಇನ್ನೊಬ್ಬಳಿಗೆ ಮಗುವಾಯಿತು. ಆಮೇಲೆ ಆ ನಾಯಕನ ತಂಡದಲ್ಲಿ ಒಂದು ಸ್ಥಾನ ತೆರವಾಗಿ ಬೇಕರಿಯವನಿಗೆ ಕರೆ ಬಂತು. ಅವನು ಅವಳಿಗೆ ಫೋನ್ ಮಾಡಿ ಬಹಳ ಹೊತ್ತು ಹವಾಮಾನದ ಮಾತಾಡಿದ.

"ವಿಷಯ ಹೇಳೋ," ಎಂದಳು.

"ನಿಮ್ಮನ್ನ ಕರೀಬೇಕಿತ್ತು ಅಕ್ಕಾ. ನಿಮ್ಮ ಮರೇಲಿ ನಿಂತು ಹೊಡೆದೋನು ನಾನು."

"ಅವರಿಗೆ ಬೇಕಿರೋದು ಕತ್ತಿ, ಗುರಾಣಿ ಅವರ ಹತ್ರ ಇದೆ. ಹೋಗು."

"ನಿಮಗೆ ಬೇಜಾರಿಲ್ವಾ?"

ಇದೆ ಎಂದಳು. ಸುಳ್ಳು ಹೇಳಿ ಕಳಿಸುವುದು ಅವಳಿಗೆ ಬೇಕಿರಲಿಲ್ಲ. "ಇದ್ರೂ ಹೋಗು. ಅಲ್ಲಿ ಯಾರಾದ್ರೂ ಎಲ್ಲಿಯವನು ಅಂತ ಕೇಳಿದ್ರೆ ಬಾಯಿ ತುಂಬ ಹೇಳು."

ಅವನ ಮೊದಲ ಪಂದ್ಯ ಒಂದು ಭಾನುವಾರ ಮಧ್ಯಾಹ್ನ. ಅತ್ತೆ ಸೊಸೆ ಇಬ್ಬರೂ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಆಟಗಾರರು ಒಬ್ಬೊಬ್ಬರಾಗಿ ಬಂದರು. ಬೇಕರಿಯವನು ಉಳಿದವರ ನಡುವೆ ಇನ್ನೂ ಗಿಡ್ಡ ಕಂಡ. ವೀಕ್ಷಕ ವಿವರಣೆಯವನು ಅವನ ಊರಿನ ಹೆಸರನ್ನು ಎಡವದೆ, ನಿಧಾನವಾಗಿ, ಯಾರನ್ನೋ ಕೇಳಿ ಕಲಿತವನಂತೆ ಹೇಳಿದ. ಸಭೆಯಿಂದ ಚಪ್ಪಾಳೆ ಬಂತು.

ಅತ್ತೆ ಕನ್ನಡಕ ಸರಿಮಾಡಿಕೊಂಡು, "ಇವರಲ್ಲಿ ತಡೆಯೋನು ಯಾರು?" ಎಂದಳು.

ಅವಳು ಪರದೆಯ ಎಡ ಮೂಲೆಯಲ್ಲಿದ್ದ ಗೊಂಬೆಯನ್ನು ಬೆರಳಿಟ್ಟು ತೋರಿಸಿದಳು. ಅತ್ತೆ ಆಟ ಮುಗಿಯುವ ತನಕ ಅದೊಂದನ್ನೇ ನೋಡುತ್ತ ಕೂತಳು.