ಹನುಮಣ್ಣನ ಪಿಸುಮಾತು

ಹನುಮಣ್ಣನಿಗೆ ಪಿಸುಮಾತು ಬರುತ್ತಿರಲಿಲ್ಲ. ಗುಟ್ಟು ಹೇಳಬೇಕಾದಾಗ ಬಾಯಿಗೆ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ನಮ್ಮ ಕಿವಿಯ ಹತ್ತಿರ ಬಗ್ಗುತ್ತಿದ್ದರು. ಅಷ್ಟೆಲ್ಲ ತಯಾರಿ ಆದ ಮೇಲೆ ಹೊರಡುತ್ತಿದ್ದ ದನಿ ಎದುರುಮನೆಯ ಜಗಲಿಗೂ ಕೇಳುತ್ತಿತ್ತು. ಎಷ್ಟೋ ವರ್ಷ ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬಿದ ಮನುಷ್ಯ. ಇಂಜಿನ್ನಿನ ಸದ್ದು ಎಡಗಿವಿಯನ್ನು ಪೂರ್ತಿ ತಿಂದು, ಬಲಗಿವಿಯಲ್ಲಿ ಅರ್ಧ ಉಳಿಸಿತ್ತು. ತನ್ನ ದನಿ ತನಗೇ ಸರಿಯಾಗಿ ಕೇಳದವರು ಅದನ್ನು ತಗ್ಗಿಸುವುದಾದರೂ ಹೇಗೆ?

ನಮ್ಮ ಮನೆಯಲ್ಲಿ ಈಗ ಎಲ್ಲರದೂ ಪಿಸುಮಾತೇ. ಮೊಮ್ಮಗಳು ಮಲಗಿದ್ದಾಳೆ, ಐದು ತಿಂಗಳ ಕೂಸು. ನಿನ್ನೆ ನನ್ನ ಮೀಸೆ ಹಿಡಿದು ಎಳೆದಳು. ಅದನ್ನು ನಮ್ಮ ವಿಜಯನಗರ ಬಡಾವಣೆಯ ಅರ್ಧ ಜನಕ್ಕೆ ಹೇಳಿ ಬಂದಿದ್ದೇನೆ, ಹಾಲಿನವನಿಗಂತೂ ಎರಡು ಸಲ. ಆದರೂ ಹೇಳಿ ಮುಗಿದ ಹಾಗೆ ಆಗಿಲ್ಲ. ಯಾರಿಗೆ ಹೇಳಿದ್ದರೆ ಮುಗಿಯುತ್ತಿತ್ತೋ ಆ ಹನುಮಣ್ಣನ ಆರ್‌ಪಿಸಿ ಲೇಔಟಿನ ಮನೆಗೆ ಬೀಗ ಬಿದ್ದಿದೆ. ಅವರ ಹೆಂಡತಿ ಪುಟ್ಟಮ್ಮ ಸುಂಕದಕಟ್ಟೆಯ ಮಗಳ ಮನೆ ಸೇರಿದ್ದಾರೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವನು, ಬಾಯಲ್ಲಿ ಬಂದ ಹಾಗೇ ಬರೆಯುತ್ತೇನೆ.

ಏರ್‌ಪೋರ್ಟಿನಲ್ಲಿ ಲೋಡರ್ ಆಗಿ ಸೇರಿದ ಮೊದಲ ವಾರ, ನನ್ನ ಕೈಲಿ ಆಗುತ್ತೆ ಅಂತ ತೋರಿಸಲು ದೊಡ್ಡ ಮರದ ಪೆಟ್ಟಿಗೆಯೊಂದನ್ನು ಒಬ್ಬನೇ ಎತ್ತಲು ಹೋದೆ. ಹಿಂದಿನಿಂದ ಬಂದು ಕಾಲರ್ ಹಿಡಿದವರು ಹನುಮಣ್ಣ.

“ಬಿಡೋ ಅದನ್ನ. ಇನ್ನೊಂದು ಜೊತೆ ಕೈ ಬರೋವರೆಗೂ ಮುಟ್ಟಬೇಡ. ಸೊಂಟ ಮುರ್ಕೊಂಡ್ರೆ ಕಂಪನಿಯವರು ನಿನ್ನೂ ಒಂದು ಪೆಟ್ಟಿಗೆ ಅಂತ ಮೂಲೇಲಿ ಇಡ್ತಾರೆ, ಅಷ್ಟೇ.”

ಅವತ್ತಿನಿಂದ ನಾನು ಅವರ ಶಿಷ್ಯ. ಅವರು ನಮ್ಮ ಯೂನಿಯನ್ನಿನ ಸೆಕ್ರೆಟರಿ. ಯೂನಿಯನ್ ಆಫೀಸು ಅಂದರೆ ಅವರ ಮನೆಯ ಮುಂದಿನ ಕೋಣೆ: ಎರಡು ಬೆಂಚು, ಕಾಗದಪತ್ರದ ಒಂದು ಟ್ರಂಕು, ಕಿಟಕಿಗೆ ಕಟ್ಟಿದ ಕೆಂಪು ಬಾವುಟ. ಹೋದವರಿಗೆಲ್ಲ ಪುಟ್ಟಮ್ಮನ ಕಾಫಿ. ನಮ್ಮ ಕಡೆಯಿಂದ ಏರ್‌ಪೋರ್ಟು ಊರಿನ ಇನ್ನೊಂದು ತುದಿ, ಹಾಗಾಗಿ ಕಂಪನಿ ಒಂದು ವ್ಯಾನು ಕಳಿಸುತ್ತಿತ್ತು. ಪರ್ಮನೆಂಟ್ ಆದವರಿಗೆ ಮಾತ್ರ ಅದು. ದಿನಗೂಲಿ ಲೋಡರುಗಳೂ ಹಿಂದೆ ನಿಂತುಕೊಂಡು ಬರಬಹುದು ಅಂತ ಜಗಳ ಆಡಿ ಒಪ್ಪಿಸಿದವರು ಹನುಮಣ್ಣ.

ಆಮೇಲೆ ಕಂಪನಿಗೆ ನಷ್ಟ, ಖರ್ಚು ಕಡಿಮೆ ಮಾಡಬೇಕು ಅಂತ ಕಾಗದ ಬಂತು. ಮ್ಯಾನೇಜರು ನಮ್ಮ ಕಮಿಟಿಯನ್ನು ಒಳಗೆ ಕರೆದು ಬಾಗಿಲು ಹಾಕಿ ಮಾತಾಡಿದರಂತೆ. ತಿಂಗಳ ಕೊನೆಗೆ ದಿನಗೂಲಿಯವರನ್ನೆಲ್ಲ ತೆಗೆಯುವುದು, ಯೂನಿಯನ್ ಸುಮ್ಮನಿದ್ದರೆ ಪರ್ಮನೆಂಟ್ ಜನರ ತಂಟೆಗೆ ಬರುವುದಿಲ್ಲ. ಹನುಮಣ್ಣ ಒಬ್ಬರೇ ಒಪ್ಪಲಿಲ್ಲ. ಉಳಿದವರು ಒಪ್ಪಿ, ಹೊರಗೆ ಬಾಯಿ ಬಿಡಬಾರದು ಅಂತ ಅವರಿಂದಲೂ ಮಾತು ತೆಗೆದುಕೊಂಡರು.

ನಾನು ಕಮಿಟಿಯಲ್ಲಿ ಇರಲಿಲ್ಲ. ಒಳಗೆ ಏನಾಯಿತೋ ಆಗ ನನಗೆ ಗೊತ್ತಿರಲಿಲ್ಲ. ಶಿಫ್ಟು ಮುಗಿಸಿ ವ್ಯಾನಿನಲ್ಲಿ ವಾಪಸು ಬರುವಾಗ ಹನುಮಣ್ಣ ಮುಂದಿನ ಸೀಟಿನಲ್ಲಿದ್ದರು. ಅವರ ಹಿಂದೆ ನಾವು ನಾಲ್ಕು ಜನ, ಮೂವರು ತೂಕಡಿಸುತ್ತಿದ್ದರು. ನಾನು ಬಗ್ಗಿ ಅವರ ಬಲಗಿವಿಗೆ ಬಾಯಿ ಹಚ್ಚಿ ಕೇಳಿದೆ.

“ಏನಂದ್ರು ಹನುಮಣ್ಣ? ನಮ್ಮ ಕೆಲಸ ಉಳೀತಾ?”

ಅವರು ಸೀಟಿನಲ್ಲೇ ನನ್ನ ಕಡೆ ತಿರುಗಿದರು. ಆಮೇಲೆ ಅಂಗೈ ಅಡ್ಡ ಹಿಡಿದರು.

“ನಮ್ಮದು ಉಳೀತು ಕಣೋ. ದಿನಗೂಲಿಯವರನ್ನ ತೆಗೀತಾರೆ. ಯಾರಿಗೂ ಹೇಳಬೇಡ.”

ವ್ಯಾನಿಗೆ ವ್ಯಾನೇ ಕೇಳಿಸಿಕೊಂಡಿತು. ಹಿಂದೆ ಕಂಬಿ ಹಿಡಿದು ನಿಂತಿದ್ದ ಮುನಿರಾಜು, ದಿನಗೂಲಿಯವರಲ್ಲಿ ಹಿರಿಯ, “ಡ್ರೈವರಣ್ಣ, ಇಲ್ಲೇ ನಿಲ್ಸಿ” ಅಂದ. ಅವನ ಹಿಂದೆ ದಿನಗೂಲಿಯವರು ಅಷ್ಟೂ ಜನ ಇಳಿದುಹೋದರು. ಮನೆ ಇನ್ನೂ ದೂರ, ಮಾಗಡಿ ರಸ್ತೆ ಕೂಡ ಬಂದಿರಲಿಲ್ಲ.

ಮರುದಿನ ಅವರೆಲ್ಲ ಹೆಂಡಿರು ಮಕ್ಕಳ ಜೊತೆ ಕಂಪನಿಯ ಗೇಟಿನ ಮುಂದೆ ಕೂತರು. ಹನುಮಣ್ಣ ಕಿಟಕಿಯ ಬಾವುಟ ಬಿಚ್ಚಿಕೊಂಡು ಹೋಗಿ ಅವರ ಮಧ್ಯೆ ಕೂತರು. ಪರ್ಮನೆಂಟ್ ಆದವರಲ್ಲಿ ಅವರೊಬ್ಬರೇ. ನಾವೆಲ್ಲ ತಲೆ ತಗ್ಗಿಸಿಕೊಂಡು ಪಕ್ಕದಿಂದ ಒಳಗೆ ಹೋದೆವು. ನಾಲ್ಕನೇ ದಿನಕ್ಕೆ ವಿಷಯ ಪೇಪರಿನಲ್ಲಿ ಬಂದು, ಕಂಪನಿ ಹಿಂದೆ ಸರಿಯಿತು. ದಿನಗೂಲಿಯವರು ಉಳಿದರು. ಆದರೆ ಖರ್ಚು ಎಲ್ಲಾದರೂ ಇಳಿಸಬೇಕಲ್ಲ, ನಮ್ಮ ವ್ಯಾನು ನಿಂತುಹೋಯಿತು.

ಆ ಭಾನುವಾರದ ಮೀಟಿಂಗು ಮರೆಯುವಂಥದ್ದಲ್ಲ. ಕಮಿಟಿಯ ವೆಂಕಟೇಶ ಬೆಂಚಿನಿಂದ ಎದ್ದು ನಿಂತ.

“ಏನ್ರೀ ಹನುಮಣ್ಣ, ನಿಮ್ಮ ಬಾಯಿಗೆ ಬಾಗಿಲೇ ಇಲ್ವಾ? ಎರಡೆರಡು ಬಸ್ಸು ಹತ್ತಿ ಸಾಯ್ತಾ ಇದೀವಿ ನಾವು.”

“ಏನಂದೆ?”

“ಬೇಕಾದಾಗ ಕಿವುಡು ಬಂದ್ಬಿಡುತ್ತೆ ಇವರಿಗೆ,” ಅಂತ ಎಲ್ಲರ ಕಡೆ ತಿರುಗಿದ. ಕೆಲವರು ನಕ್ಕರು. “ಸುಮ್‌ಸುಮ್ನೆ ಹೇಳಿರಲ್ಲ ನೀವು. ಯಾರೋ ಕೇಳಿರಬೇಕು. ಯಾರು ಕೇಳಿದ್ದು?” ಅಂತ ಕೂಗಿದ.

ಇದು ಅವರಿಗೆ ಕೇಳಿಸಿತು. ಕೋಣೆಯಲ್ಲಿ ಅಷ್ಟು ಜನ ಇದ್ದರೂ ಅವರು ನನ್ನ ಕಡೆ ನೋಡಲೇ ಇಲ್ಲ.

“ಯಾರೂ ಕೇಳಲಿಲ್ಲ. ನನಗೇ ತಡೀಲಿಲ್ಲ, ಹೇಳ್ದೆ.”

ನಾನು ಗೋಡೆಗೆ ಒರಗಿ ನಿಂತಿದ್ದೆ. ಹೇಳಬೇಕಾಗಿದ್ದದ್ದು ಎರಡು ಅಕ್ಷರ, ‘ನಾನು’ ಅಂತ. ಹೊರಡಲಿಲ್ಲ. ವೆಂಕಟೇಶ ಸೆಕ್ರೆಟರಿ ಆದ. ಬೆಂಚನ್ನೂ ಟ್ರಂಕನ್ನೂ ಅವತ್ತೇ ಗಾಡಿಯಲ್ಲಿ ಸಾಗಿಸಿದರು. ಒಂದು ಬೆಂಚಿನ ತುದಿ ಹಿಡಿದವನು ನಾನೇ. ಪುಟ್ಟಮ್ಮ ಒಳಗಿನಿಂದ ಕಾಫಿಯ ತಟ್ಟೆ ಹಿಡಿದು ಬಂದವರು ಹಾಗೇ ವಾಪಸು ಹೋದರು.

ಆಮೇಲೆ ಅವರ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಒಂದು ದಿನ ಭಾರದ ಯಂತ್ರದ ಪೆಟ್ಟಿಗೆಯೊಂದು ಅವರ ಪಾಲಿಗೆ ಬಂತು. ನಮ್ಮವರು ಯಾರೂ ಹೋಗಲಿಲ್ಲ. ಅವರು ಕೈಕಟ್ಟಿಕೊಂಡು ಅದರ ಪಕ್ಕದಲ್ಲಿ ನಿಂತುಬಿಟ್ಟರು, ಎತ್ತಲೂ ಇಲ್ಲ, ಕರೆಯಲೂ ಇಲ್ಲ. ವಿಮಾನ ಹೊರಡುವ ಹೊತ್ತು ಮೀರಿತು. ಸೂಪರ್‌ವೈಸರು ಬೈದ. ಅವರು ನಿಂತೇ ಇದ್ದರು. ಕೊನೆಗೆ ಆ ತುದಿಯಿಂದ ಮುನಿರಾಜು ಓಡಿ ಬಂದು ಇನ್ನೊಂದು ಕಡೆ ಹಿಡಿದ. ನನಗೂ ಪೆಟ್ಟಿಗೆಗೂ ಮಧ್ಯೆ ಹತ್ತು ಹೆಜ್ಜೆಯೂ ಇರಲಿಲ್ಲ.

ವಿಜಯನಗರದ ಬಸ್‌ಸ್ಟಾಪಿನಲ್ಲಿ ದಿನಾ ಒಂದೇ ಹೊತ್ತಿಗೆ ನಿಲ್ಲುತ್ತಿದ್ದೆವು. ಅವರು ಹತ್ತಿದ ಬಸ್ಸನ್ನು ಬಿಟ್ಟು ನಾನು ಮುಂದಿನ ಬಸ್ಸು ಹಿಡಿಯುತ್ತಿದ್ದೆ. ಕಿಟಕಿಯಿಂದ ಅವರು ಕೈ ಎತ್ತುತ್ತಿದ್ದರು. ಅವರು ರಿಟೈರ್ ಆಗುವವರೆಗೆ, ನಾಲ್ಕು ವರ್ಷ, ಹೀಗೇ ನಡೆಯಿತು.

ಮೊಮ್ಮಗಳು ಹುಟ್ಟಿದ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಿಂದ ನೇರ ಅವರ ಮನೆಗೆ ಹೋದೆ, ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. ಬೀದಿಯ ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ಕಾಯುತ್ತಿದ್ದರು. ಹನುಮಣ್ಣ ಬಾಗಿಲಲ್ಲೇ ಕೂತಿದ್ದರು, ತುಂಬ ಇಳಿದುಹೋಗಿದ್ದರು. ಸಂತೋಷದ ಧೈರ್ಯ ಇತ್ತಲ್ಲ, ಇಷ್ಟು ವರ್ಷ ಹೇಳದೆ ಉಳಿದದ್ದನ್ನೇ ಮೊದಲು ಹೇಳಿದೆ.

“ಅವತ್ತು ಮೀಟಿಂಗಲ್ಲಿ ನಾನು ಬಾಯಿ ಬಿಡಬೇಕಿತ್ತು ಹನುಮಣ್ಣ. ತಪ್ಪಾಯ್ತು.”

ಅವರು ಕಿವಿಗೆ ಕೈ ಹಿಡಿದರು. “ಏನಂದೆ? ಜೋರಾಗಿ ಹೇಳೋ.”

ನಲ್ಲಿಯ ಹತ್ತಿರದ ಅಷ್ಟೂ ಮುಖ ನಮ್ಮ ಕಡೆ ತಿರುಗಿದ್ದವು. ನಾನು ಕೈಯಲ್ಲಿದ್ದ ಪೊಟ್ಟಣ ಮುಂದೆ ಹಿಡಿದೆ.

“ಮೊಮ್ಮಗಳು ಹುಟ್ಟಿದ್ಲು ಅಂದೆ.”

ಅವರು ಎದ್ದೇಬಿಟ್ಟರು. ಎರಡೂ ಕೈಯಲ್ಲಿ ನನ್ನ ಭುಜ ಹಿಡಿದು ಕುಲುಕಿದರು. “ಲೇ ಪುಟ್ಟೀ, ಬಾರೇ ಇಲ್ಲಿ, ನಮ್ಮ ಸಿದ್ದಣ್ಣ ತಾತ ಆದ ಕಣೇ,” ಅಂತ ಒಳಗೆ ಕೂಗಿದರು. ಆಮೇಲೆ ಬೀದಿಗಿಳಿದು ನಲ್ಲಿಯ ಹೆಂಗಸರಿಗೆಲ್ಲ ನನ್ನ ಮೈಸೂರು ಪಾಕು ಹಂಚಿದರು. “ನಾಮಕರಣಕ್ಕೆ ಬರ್ತೀನಿ ಕಣೋ. ಕೂಸಿನ ಕಿವೀಲಿ ಹೆಸರು ನಾನೇ ಹೇಳ್ತೀನಿ, ಹೆದರ್ಕೊಂಡ್ರೆ ಬೈಬೇಡ,” ಅಂತ ನಕ್ಕರು.

ನಾಮಕರಣಕ್ಕೆ ಒಂದು ವಾರ ಇದ್ದಾಗ ಹೋಗಿಬಿಟ್ಟರು. ಎದೆನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ.

ಮನೆಯ ಮುಂದೆ ಮಲಗಿಸಿದ್ದರು. ಚಟ್ಟ ಕಟ್ಟುತ್ತಿದ್ದವರು ಮುನಿರಾಜು ಮತ್ತು ಅವನ ಜೊತೆಯವರು. ನಮ್ಮವರು ನಾಲ್ಕೈದು ಜನ ಎದುರಿನ ಕಲ್ಲುಚಪ್ಪಡಿಯ ಮೇಲೆ ಕೂತಿದ್ದೆವು. ವೆಂಕಟೇಶ ಟವೆಲಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ವಾಲಿದ.

“ಒಳ್ಳೇ ಮನುಷ್ಯ. ಆದ್ರೆ ಬಾಯಲ್ಲಿ ಒಂದು ಗುಟ್ಟು ನಿಲ್ತಿರಲಿಲ್ಲ, ಅದೇ ಕಷ್ಟ.”

“ನಿಲ್ತಿತ್ತು,” ಅಂದೆ. “ವ್ಯಾನಲ್ಲಿ ಅವತ್ತು ಅವರನ್ನ ಕೇಳಿದ್ದು ನಾನು. ನನ್ನ ಹೆಸರು ಯಾರ ಹತ್ರಾನೂ ಹೇಳಲಿಲ್ಲ ಅವರು.”

ವೆಂಕಟೇಶ ನನ್ನ ಮುಖವನ್ನೇ ನೋಡಿದ. ಎದ್ದು ಹೋಗಿ ಮುನಿರಾಜುವಿನ ಪಕ್ಕ ಕೂತು, ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಕಲ್ಲುಚಪ್ಪಡಿಯ ಮೇಲೆ ನಾನೊಬ್ಬನೇ ಉಳಿದೆ.