ಕತ್ತರಿಸಿದ ಜರಿ, ಸೇದದ ಬೀಡಿ

ಮೆಟ್ರೋ ಕೆಂಗೇರಿಯವರೆಗೆ ಓಡಲು ಶುರುವಾದ ಮರುವರ್ಷದ ಬೇಸಿಗೆ. ಆಗ ನಾನು ಕೆಂಗೇರಿ ಆಚೆಯ ಒಂದು ಶೆಡ್ಡಿನಲ್ಲಿ, ಪ್ಲಾಸ್ಟಿಕ್ ಕವರುಗಳಿಗೆ ಪ್ರಿಂಟ್ ಹಾಕುವ ಮಷಿನ್ನಿನ ಹೆಡ್ ಆಪರೇಟರ್. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ವಿಜಯನಗರ ಸ್ಟೇಷನ್ನಿಗೆ ನಡೆದು ಬಂದು ರೈಲು ಹಿಡಿಯುತ್ತಿದ್ದೆ. ಓದಿದ್ದು ಏಳನೇ ಕ್ಲಾಸು. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ, ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ.

ನಮ್ಮ ಕೆಲಸದಲ್ಲಿ ಕಣ್ಣಿಗೆ ಕಾಣದ ಶತ್ರು ಒಂದಿದೆ. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರಿನ ಹತ್ತಿರ ಹಿಡಿದರೆ ಚೂರು ಹಾರಿ ಅಂಟಿಕೊಳ್ಳುತ್ತದಲ್ಲ, ಅದೇ. ಸ್ಟ್ಯಾಟಿಕ್ ಕರೆಂಟು. ಕವರಾಗುವ ತೆಳು ಹಾಳೆ, ಅಂದರೆ ಪ್ಲಾಸ್ಟಿಕ್ ಫಿಲ್ಮ್, ರೋಲಿನಿಂದ ಬಿಡಿಸಿಕೊಂಡು ರಬ್ಬರ್ ರೋಲರುಗಳ ಮೇಲೆ ಓಡುವಾಗ ಅದರಲ್ಲಿ ಚಾರ್ಜ್ ಕೂರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಕೂತ ಚಾರ್ಜಿಗೆ ಹರಿದುಹೋಗಲು ದಾರಿಯಿಲ್ಲ. ಫಿಲ್ಮಿನ ಹತ್ತಿರ ಕೈ ಒಯ್ದರೆ ರೋಮ ಎದ್ದು ನಿಲ್ಲುತ್ತದೆ. ಕತ್ತರಿಸಿದ ಎರಡು ಕವರುಗಳನ್ನು ಜೋಡಿಸಿ ಹಿಡಿದರೆ, ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಒಂದನ್ನೊಂದು ತಳ್ಳಿ ದೂರ ನಿಲ್ಲುತ್ತವೆ. ಒಂದೇ ಜಾತಿಯ ಚಾರ್ಜುಗಳು ಒಂದನ್ನೊಂದು ಸೇರಿಸಿಕೊಳ್ಳುವುದಿಲ್ಲ. ಗಾಳಿ ಒಣಗಿದಷ್ಟೂ ಇದರ ಆಟ ಜಾಸ್ತಿ.

ಓಡುವ ಫಿಲ್ಮಿನ ಕೆಳಗೇ ಇಂಕಿನ ಟ್ರೇ ಇರುತ್ತದೆ. ಇಂಕಿನಲ್ಲಿ ಅದನ್ನು ತೆಳುಮಾಡುವ ಥಿನ್ನರ್. ಅದರ ಆವಿಗೆ ಒಂದು ಕಿಡಿ ಸಾಕು. ಅದಕ್ಕೇ ಫಿಲ್ಮಿಗೆ ಅಡ್ಡಲಾಗಿ ತಾಮ್ರದ ಎಳೆಗಳ ಹಾರವೊಂದನ್ನು ಕಟ್ಟಿ, ವೈರಿನಿಂದ ಅರ್ಥಿಂಗಿಗೆ ಸೇರಿಸಿರುತ್ತೇವೆ. ನಾವು ಅದನ್ನು ಜರಿ ಎನ್ನುತ್ತಿದ್ದೆವು. ಆ ಎಳೆಗಳ ತುದಿಯಿಂದ ಚಾರ್ಜ್ ಸದ್ದಿಲ್ಲದೆ ಇಳಿದು ಮಣ್ಣು ಸೇರುತ್ತದೆ.

ಆ ಬೇಸಿಗೆಯಲ್ಲಿ ಒಂದು ಸೀರೆ ಅಂಗಡಿಯ ಬೆಳ್ಳಿ ಬಣ್ಣದ ಕವರುಗಳು ವಾಪಸ್ ಬಂದವು. ಪ್ರಿಂಟಿನ ಮೇಲೆ ಕೂದಲೆಳೆಯಂಥ ಗೀರು. ಜರಿ ತಾಗಿ ಆದದ್ದು, ನಿಜ. ಒಂದಿಷ್ಟು ಮೇಲೆತ್ತಿ ಕಟ್ಟೋಣ ಎಂದೆ. ಓನರಿಗೆ ಅಷ್ಟು ತಾಳ್ಮೆ ಇರಲಿಲ್ಲ.

"ಕಿತ್ತಾಕು ನಂಜುಂಡ ಅದನ್ನ."

"ಕಿತ್ರೆ ಬೆಂಕಿ ಬೀಳುತ್ತೆ ಸಾರ್."

"ಇಷ್ಟ್ ವರ್ಷ ಬಿದ್ದಿಲ್ವಲ್ಲ?"

"ಜರಿ ಇತ್ತು, ಅದಕ್ಕೇ ಬಿದ್ದಿಲ್ಲ."

"ಓಹೋ, ನಮ್ ಸೈಂಟಿಸ್ಟು!" ಎಂದು ನಕ್ಕು, ಕಟಿಂಗ್ ಪ್ಲೇಯರ್ ತಂದು ತಾವೇ ಕತ್ತರಿಸಿದರು. ಜರಿಯಿಲ್ಲದ ಮಷಿನ್ ನಾನು ಓಡಿಸುವುದಿಲ್ಲ ಎಂದೆ. ನನ್ನನ್ನು ಕವರ್ ಕತ್ತರಿಸುವ ವಿಭಾಗಕ್ಕೆ ಹಾಕಿ, ನನ್ನ ಕೈಕೆಳಗಿದ್ದ ಬಸವರಾಜನನ್ನು ಮಷಿನ್ನಿಗೆ ನಿಲ್ಲಿಸಿದರು. ವಿಜಯಪುರದ ಕಡೆಯವನು, ನಾನೇ ಪಳಗಿಸಿದ ಕೈ. ಬೇಡ ಕಣೋ ಎಂದರೆ, "ಮನಿ ನಡೀಬೇಕಲ್ರೀ ಅಣ್ಣಾರ" ಎಂದ.

ವಾರ ಕಳೆಯುವುದರೊಳಗೆ, ಒಂದು ಸುಡುಮಧ್ಯಾಹ್ನ, ಬಸವರಾಜ ಟ್ರೇಗೆ ಥಿನ್ನರ್ ಸುರಿಯಲು ಬಗ್ಗಿದ. ಫಿಲ್ಮಿನಿಂದ ಅವನ ಕೈಗೆ ಕಿಡಿ ಹಾರಿತು. ಚಟ್ ಎಂಬ ಸದ್ದು ನನ್ನ ಟೇಬಲ್ಲಿಗೂ ಕೇಳಿಸಿತು. ತಿರುಗುವಷ್ಟರಲ್ಲಿ ಟ್ರೇ ಹೊತ್ತಿ ಉರಿಯುತ್ತಿತ್ತು. ನಾನು ಒದ್ದೆ ಗೋಣಿಚೀಲ ಹೊದಿಸಿ ಅವನನ್ನು ಎಳೆದುಕೊಂಡೆ. ಜೀವ ಉಳಿಯಿತು. ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು.

ವಿಚಾರಣೆಗೆ ಕಾರ್ಖಾನೆ ಇಲಾಖೆಯ ಅಧಿಕಾರಿ ಬಂದಾಗ ಓನರ್ ಹೇಳಿದರು, "ಬೀಡಿ ಸೇದಿದಾನೆ ಸಾರ್. ಎಷ್ಟ್ ಹೇಳಿದ್ರೂ ಕೇಳಲ್ಲ ಈ ಜನ." ಬಸವರಾಜ ತಂಬಾಕು ಜಗಿಯುತ್ತಿದ್ದ, ಬೀಡಿ ಮುಟ್ಟಿದವನಲ್ಲ. ಜೊತೆಯವರಿಗೆಲ್ಲ ಇದು ಗೊತ್ತು. ಆದರೂ ನಾನೊಬ್ಬನೇ ಮುಂದೆ ಬಂದು ನಡೆದದ್ದನ್ನು ಹೇಳಿದೆ. ಮಷಿನ್ನಿಗೆ ಇನ್ನೂ ನೇತಾಡುತ್ತಿದ್ದ ಜರಿಯ ತುಂಡನ್ನು ತೋರಿಸಿದೆ. ಅಧಿಕಾರಿ ಅದನ್ನು ಬೆರಳಲ್ಲಿ ಹಿಡಿದು ನೋಡಿ, "ಗಾಯ ಆದವನನ್ನೇ ಕೇಳೋಣ, ನೀವೂ ಬನ್ನಿ" ಎಂದರು.

ಆಸ್ಪತ್ರೆಯ ಮಂಚದ ಮೇಲೆ ಬಸವರಾಜನ ಕೈಗಳು ಬಟ್ಟೆ ಸುತ್ತಿದ ದಿಮ್ಮಿಗಳಂತೆ ಬಿದ್ದಿದ್ದವು. ಅವನು ನನ್ನತ್ತ ನೋಡಲಿಲ್ಲ.

"ಹೌದ್ರೀ ಸಾಹೇಬ್ರ. ಬೀಡಿ ಹಚ್ಚಿದ್ನಿರಿ."

ಅಧಿಕಾರಿ ನನ್ನ ಮುಖವನ್ನೊಮ್ಮೆ ನೋಡಿ ಪೆನ್ನು ಮುಚ್ಚಿ ಹೊರಟರು. ಆ ನೋಟವನ್ನು ನಾನು ಇನ್ನೂ ನುಂಗಿಕೊಂಡಿಲ್ಲ. ಜೀವಮಾನದಲ್ಲಿ ಯಾರೂ ನನ್ನನ್ನು ಸುಳ್ಳುಗಾರ ಎಂದಿರಲಿಲ್ಲ.

"ಯಾಕೋ ಹಿಂಗ್ ಮಾಡ್ದೆ?" ಎಂದೆ.

"ದವಾಖಾನಿ ಖರ್ಚೆಲ್ಲಾ ಓನರ್ ನೋಡ್ಕೋತಾರ್ರಿ. ತಮ್ಮಗ ಕೆಲ್ಸಾ ಕೊಡ್ತಾರ. ನಿಮ್ಮ ಮಾತು ಖರೇ ಆದ್ರ ಈ ಕೈ ವಾಪಸ್ ಬರ್ತಾವೇನ್ರಿ?"

"ತಮ್ಮಂಗೆ ಯಾವ ಕೆಲಸ?"

ಅವನು ಗೋಡೆಯ ಕಡೆ ಹೊರಳಿದ. "ಅದ ಮಷಿನ್ ಮ್ಯಾಗ."

ಮರುದಿನ ಗೇಟಿನಲ್ಲೇ ನನ್ನನ್ನು ತಡೆದು ವಾಪಸ್ ಕಳಿಸಿದರು. ಬಸವೇಶ್ವರನಗರದ ಹತ್ತಿರ ಬೇರೆ ಕೆಲಸ ಹಿಡಿದೆ. ಬಸವರಾಜನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಆದರೂ ಮುಂದಿನ ಬೇಸಿಗೆಯ ಒಣಗಾಳಿ ಶುರುವಾದಾಗ ಮನಸ್ಸು ತಡೆಯದೆ, ಎಸ್.ಪಿ. ರಸ್ತೆಯಲ್ಲಿ ಹೊಸ ಜರಿ ಕೊಂಡು, ಊಟದ ಹೊತ್ತಿಗೆ ಕೆಂಗೇರಿಯ ಆ ಗೇಟಿನ ಮುಂದೆ ಹೋಗಿ ನಿಂತೆ. ಬಸವರಾಜನ ತಮ್ಮ ಹೊರಗೆ ಬಂದ. ಅದೇ ಮೂಗು, ಅದೇ ನಡಿಗೆ. ಗೋಡೆಯ ಮೇಲೆ ಆಳೆತ್ತರದ ಹೊಸ ಬೋರ್ಡು: "ಬೀಡಿ ಸಿಗರೇಟು ಸೇದಬಾರದು."

"ಮಷಿನ್ನಿಗೆ ಜರಿ ಕಟ್ಟಿದಾರೇನಪ್ಪಾ?" ಎಂದು ಕೇಳಿದೆ.

"ಜರಿ ಅಂದ್ರ ಏನ್ರಿ?"

ನಾನು ಪೊಟ್ಟಣ ಬಿಚ್ಚಿ ತೋರಿಸಿದೆ. ಅದಿಲ್ಲದೆ ಬೆಂಕಿ ಹೇಗೆ ಹತ್ತುತ್ತದೆಂದು ವಿವರಿಸಿದೆ. ಅವನು ಮರ್ಯಾದೆಯಿಂದ ಕೇಳಿಸಿಕೊಂಡು, ನನ್ನನ್ನೇ ಸಮಾಧಾನ ಮಾಡುವಂತೆ ನಕ್ಕ.

"ನೀವು ಚಿಂತಿ ಮಾಡಬ್ಯಾಡ್ರಿ ಅಣ್ಣಾರ. ನಾ ನಮ್ಮಣ್ಣನಂಗ ಬೀಡಿ ಸೇದಂಗಿಲ್ಲ."

ಬೆಂಕಿ ಹೊತ್ತಿಸಿದ ಕಿಡಿ ಹಿಂದೆ ಏನನ್ನೂ ಬಿಟ್ಟು ಹೋಗುವುದಿಲ್ಲ. ಅದರ ಜಾಗದಲ್ಲಿ ಜನ ತಮಗೆ ಬೇಕಾದ ಕಾರಣ ಇಟ್ಟುಕೊಳ್ಳುತ್ತಾರೆ, ನಿಜವಾದ ಕಾರಣ ಮಷಿನ್ನಿನ ಮೇಲೇ ಮುಂದಿನವನಿಗಾಗಿ ಕಾಯುತ್ತಿರುತ್ತದೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ಹಾಗಾಗಿ ಅಂದು ನಾನು ಬಸವರಾಜ ಹೇಳಿದ ಸುಳ್ಳನ್ನು ಕಾಯಲು ಹೋಗಲಿಲ್ಲ. ಜರಿಯನ್ನು ಅವನ ತಮ್ಮನ ಕೈಗೆ ತುರುಕಿ ಹೇಳಿದೆ:

"ನಿಮ್ಮಣ್ಣನೂ ಸೇದ್ತಿರ್ಲಿಲ್ಲ ಕಣಪ್ಪಾ."