ಶೆಡ್ಡಿನ ಪ್ಲಗ್

ಗಲ್ಫಿನಿಂದ ರಜೆಯಲ್ಲಿ ಬಂದ ನನ್ನ ತಮ್ಮ ಸೆಕೆಂಡ್ ಹ್ಯಾಂಡ್ ರೇಸ್ ಬೈಕೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಕುಲಶೇಖರದ ನಮ್ಮ ಮನೆಗೆ ತಂದ. ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ. ಅದೆಲ್ಲ ಇರಲಿ ಎಂದು ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೆ ಕಾಯಿಲೂ ಇಲ್ಲ, ಮ್ಯಾಗ್ನೆಟ್ಟೂ ಇಲ್ಲ. ಓಡುತ್ತಲೇ ಬ್ಯಾಟರಿ ತುಂಬಿಸಿಕೊಳ್ಳುವ ಏರ್ಪಾಡನ್ನೇ ಯಾರೋ ಕಿತ್ತು ಹಾಕಿದ್ದರು.

"ಇದೆಂತ ಮಾರಾಯ, ಇದಕ್ಕೆ ಚಾರ್ಜ್ ಎಲ್ಲಿಂದ?"

"ಮನೆಯಿಂದಲೇ. ಮ್ಯಾಗ್ನೆಟ್ ತಿರುಗಿಸ್ಲಿಕ್ಕೆ ಇಂಜಿನ್ನಿನ ಶಕ್ತಿ ಹಾಳಲ್ವಾ? ಭಾರ ಬೇರೆ. ಮನೆಯಲ್ಲಿ ಉಂಡದ್ರಲ್ಲೇ ಓಡ್ಬೇಕು," ಎಂದ ತಮ್ಮ.

ಮಿಕ್ಸಿ, ಫ್ಯಾನು, ಪಂಪು ರಿಪೇರಿ ಮಾಡಿಕೊಂಡು ಇಪ್ಪತ್ತೈದು ವರ್ಷ ಕಳೆದವನು ನಾನು. ಇಂಥದ್ದೊಂದು ಕೈಗೆ ಸಿಕ್ಕಿದರೆ ನನಗೆ ಅನ್ನ ಸೇರುವುದಿಲ್ಲ. ಅಂಗಳದಲ್ಲಿ ಬೈಕ್ ಚಾಲೂ ಮಾಡಿಟ್ಟು ಐದೈದು ನಿಮಿಷಕ್ಕೆ ಬ್ಯಾಟರಿಗೆ ಮೀಟರ್ ಹಿಡಿದೆ. ಆಚೆಮನೆಯವರು ಎರಡು ಸಲ ಬಂದು ಬೈದು ಹೋದರು. ಸ್ಟಾರ್ಟರ್ ಬಟನ್ ಒಮ್ಮೆ ಒತ್ತಿದರೆ ರೇಸಿನಲ್ಲಿ ಒಂದು ಸುತ್ತು ಓಡುವಷ್ಟು ಚಾರ್ಜ್ ಖಾಲಿ ಎಂದು ಗೊತ್ತಾಯಿತು. ರೇಡಿಯೇಟರ್ ಫ್ಯಾನ್ ಅದಕ್ಕಿಂತ ದೊಡ್ಡ ಹೊಟ್ಟೆಬಾಕ. ಇನ್ನೂ ಒಂದು ವಿಷಯ ನನಗೆ ಬಹಳ ಹಿಡಿಸಿತು: ಚಾರ್ಜರಿನಿಂದ ಈಗಷ್ಟೇ ಬಿಡಿಸಿದ ಬ್ಯಾಟರಿ ಸುಳ್ಳು ಹೇಳುತ್ತದೆ. ಒಂದು ಗಂಟೆ ಸುಮ್ಮನೆ ಬಿಟ್ಟು ಅಳೆದರೆ ಮಾತ್ರ ನಿಜ ಬಾಯಿಬಿಡುತ್ತದೆ. ತುಂಬಿದ್ದರೆ ಹನ್ನೆರಡು ಪಾಯಿಂಟ್ ಎಂಟು ವೋಲ್ಟ್. ಅಷ್ಟಿದ್ದರೆ ಹತ್ತು ಸುತ್ತಿನ ರೇಸಿಗೆ ಧಾರಾಳ.

ತಮ್ಮನಿಗೆ ಗೆಲ್ಲುವ ಆಸೆ ಇರಲಿಲ್ಲ. ಹಿಂದಿನ ಮೂರು ರಜೆಗಳಲ್ಲಿ ಯಾರದೋ ಬೈಕ್ ಎರವಲು ತಂದು ಮೂರು ರೇಸ್ ಓಡಿಸಿದ್ದ, ಒಂದನ್ನೂ ಮುಗಿಸಿರಲಿಲ್ಲ. ಒಮ್ಮೆಯಾದರೂ ಕೊನೆಯ ಗೆರೆಯ ಚೌಕುಳಿ ಬಾವುಟ ದಾಟಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಭಾನುವಾರ ರೇಸ್, ಮಂಗಳವಾರ ವಿಮಾನ.

ಶನಿವಾರ ಮಧ್ಯಾಹ್ನ ಶೆಡ್ಡಿನಲ್ಲಿ ಬ್ಯಾಟರಿಯನ್ನು ಚಾರ್ಜಿಗೆ ಇಟ್ಟೆ. ಮರುದಿನ ಬೆಳಿಗ್ಗೆ ತಮ್ಮನೇ ಚಾರ್ಜರಿನ ಕ್ಲಿಪ್ ಬಿಚ್ಚಿ ಬೈಕನ್ನು ಟೆಂಪೋಗೆ ಏರಿಸಿದ. ಆಗಲೇ ಅಳೆದರೆ ಸುಳ್ಳು ಹೇಳುತ್ತದಲ್ಲ, ಹಾಗಾಗಿ ನಾನು ಮೀಟರ್ ಹಿಡಿದದ್ದು ಪಣಂಬೂರಿನ ಕಡೆಯ ಕೆಂಪು ಮಣ್ಣಿನ ಮೈದಾನ ತಲುಪಿದ ಮೇಲೆ.

ಹನ್ನೆರಡು ಪಾಯಿಂಟ್ ಎರಡು.

ನನ್ನ ತಲೆ ಕೆಟ್ಟಿತು. ಹಿಂದಿನ ದಿನ ಸಂಜೆ ಗುಡುಗು ಬಂದಿತ್ತು. ನಮ್ಮ ಕಡೆ ದೂರದಲ್ಲಿ ಗುಡುಗಿದರೂ ಸಾಕು, ಮನೆಯ ಪ್ಲಗ್ಗುಗಳೆಲ್ಲ ಹೊರಗೆ. ಒಮ್ಮೆ ಟಿವಿ ಸುಟ್ಟುಹೋದ ಮೇಲಂತೂ ಅಮ್ಮನನ್ನು ಹಿಡಿಯುವವರಿಲ್ಲ. ಅವಳದ್ದೇ ಕೆಲಸ ಎಂದುಕೊಂಡು ಅಲ್ಲಿಂದಲೇ ಫೋನ್ ಮಾಡಿ ಕೂಗಾಡಿದೆ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. "ನಾನು ನಿನ್ನೆ ಕದ್ರಿ ದೇವಸ್ಥಾನದಲ್ಲಿ ಇದ್ದದ್ದಲ್ವಾ? ಗುಡುಗು ಬರುವಾಗ ಮನೆಯಲ್ಲಿ ಇದ್ದದ್ದು ನೀನು."

ಟಿವಿಯ ಪ್ಲಗ್ ತೆಗೆದದ್ದು, ಫ್ರಿಜ್ಜಿನದ್ದು ತೆಗೆದದ್ದು, ತೋಯುತ್ತಾ ಶೆಡ್ಡಿಗೆ ಓಡಿದ್ದು ಒಂದೊಂದಾಗಿ ನೆನಪಾಯಿತು. ನನ್ನದೇ ಕೈ. ಸಣ್ಣಂದಿನಿಂದ ಕಲಿತ ಕೈ ನನ್ನನ್ನು ಕೇಳದೆ ಎಳೆದಿತ್ತು. ಮಳೆ ನಿಂತ ಮೇಲೆ ಟಿವಿ, ಫ್ರಿಜ್ಜಿನ ಪ್ಲಗ್ಗುಗಳನ್ನು ಮಾತ್ರ ನೆನಪಿನಿಂದ ಹಾಕಿದ್ದೆ, ಶೆಡ್ಡಿನದ್ದು ಮರೆತೇ ಹೋಗಿತ್ತು. ಫೋನ್ ಇಟ್ಟೆ.

ತಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಸುತ್ತಿಗೆ ಉಂಟು?"

"ಆರು. ಏಳು ಅಂತ ಹೇಳ್ಲಿಕ್ಕೆ ಧೈರ್ಯ ಇಲ್ಲ."

ರೇಸಿಗೆ ಅರ್ಧ ಗಂಟೆ ಇತ್ತು. ಟೆಂಪೋದ ಬ್ಯಾಟರಿಗೆ ಜೋಡಿಸಿ ಕುಡಿದಷ್ಟು ಕುಡಿಸಿದೆ. ಓಡುವಾಗ ಗಾಳಿ ಇರುತ್ತದೆ ಎಂದು ಫ್ಯಾನಿನ ಫ್ಯೂಸ್ ಕಿತ್ತೆ. ಸ್ಟಾರ್ಟರ್ ಮುಟ್ಟಬೇಡ ಎಂದು ಹೇಳಿ, ನಾನೇ ಹಿಂದಿನಿಂದ ದೂಡಿ ಚಾಲೂ ಮಾಡಿಸಿದೆ. ಲೆಕ್ಕ ಹಾಕಿದರೆ ಒಂಬತ್ತು ಸುತ್ತು. ಹತ್ತನೆಯದು ನನ್ನ ಲೆಕ್ಕಕ್ಕೆ ಸಿಗಲಿಲ್ಲ.

ತಪ್ಪು ನನ್ನದೇ ಆಗಿದ್ದರೂ, ಅದು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯುವ ಕುತೂಹಲ ನನ್ನನ್ನು ಬಿಡಲಿಲ್ಲ. ಬೇಲಿ ಹಿಡಿದು ಇಂಜಿನ್ನಿನ ಸದ್ದಿಗೇ ಕಿವಿಕೊಟ್ಟು ನಿಂತೆ. ಒಂಬತ್ತನೆಯ ಸುತ್ತಿನ ಕೊನೆಯಲ್ಲಿ ಸದ್ದು ಒಮ್ಮೆ ಮುಗ್ಗರಿಸಿತು. ಹತ್ತರ ಕೊನೆಯ ತಿರುವಿನಲ್ಲಿ ಎರಡು ಸಲ ಕೆಮ್ಮಿ ಆರಿಹೋಯಿತು.

ತಮ್ಮ ಇಳಿದು ತಳ್ಳತೊಡಗಿದ. ಸವಾರ ಒಬ್ಬನೇ ತಳ್ಳಬಹುದು, ಬೇರೆಯವರು ಮುಟ್ಟಿದರೆ ರೇಸಿನಿಂದಲೇ ಹೊರಗೆ. ಬೂಟು ಕೆಸರಿನಲ್ಲಿ ಜಾರಿ ಅವನು ಎರಡು ಸಲ ಮೊಣಕಾಲೂರಿದ. ನಾನು ಬೇಲಿಯ ಈಚೆ ಅವನ ಜೊತೆಜೊತೆಗೇ ನಡೆದೆ. ನನ್ನ ಎರಡು ಕೈಯೂ ಖಾಲಿ ಇದ್ದವು. ಉಳಿದವರೆಲ್ಲ ಆಗಲೇ ದಾಟಿಯಾಗಿತ್ತು. ಬಾವುಟ ಹಿಡಿದವನು ಅದನ್ನು ಮಡಚದೆ ಕಾದ.

ಗೆರೆ ದಾಟಿ ಕೂತವನು ಉಸಿರು ಸಿಕ್ಕಿದ ಮೇಲೆ ಹೇಳಿದ, "ಈಗ ಅಳೆದು ನೋಡು ಮಾರಾಯ. ನಿನಗೆ ಅದೇ ಬೇಕಾದದ್ದಲ್ವಾ?"

ಅಳೆದೆ. ಎಷ್ಟಿತ್ತೆಂದು ಈಗಲೂ ನೆನಪಿಲ್ಲ. ಕಣ್ಣು ಮಂಜಾಗಿತ್ತು.

ಮನೆಗೆ ಬಂದು ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಇಟ್ಟೆ. ತಮ್ಮ ಚಾವಡಿಯಲ್ಲಿ ಬಿದ್ದು ನಿದ್ದೆ ಹೋದ. ಸಂಜೆ ಮತ್ತೆ ಗುಡುಗಿತು. ನಾನು ಧಡಕ್ಕನೆ ಎದ್ದೆ.

"ನೀನು ಕೂತ್ಕೊ," ಎಂದಳು ಅಮ್ಮ. "ನಾನೇ ತೆಗೀತೇನೆ."

ಟಿವಿ ತೆಗೆದಳು, ಫ್ರಿಜ್ ತೆಗೆದಳು. ಸೆರಗು ತಲೆಗೆ ಹಾಕಿಕೊಂಡು ಶೆಡ್ಡಿನ ಬಾಗಿಲವರೆಗೆ ಹೋಗಿ ಒಳಗೆ ನೋಡಿದಳು. ಬಾಗಿಲೆಳೆದುಕೊಂಡು ವಾಪಸು ಬಂದಳು.

"ಅವನದ್ದು ಇರ್ಲಿ," ಎಂದಳು. "ಸುಟ್ಟರೆ ಸುಡ್ಲಿ."

ಹೊರಗೆ ಮತ್ತೊಮ್ಮೆ ಮಿಂಚಿತು. ನಾನು ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.